ಆಕಾಶದ ವೃತ್ತಿಗೆ ನೆಲದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಕಾಲದಲ್ಲಿ ಗೃಹಸ್ಥನ ಗಂಟನ್ನು ಕರಗಿಸತಕ್ಕ ವೆಚ್ಚಗಳು ಈ ಎರಡೇ ಆಗಿದ್ದುವು. ಈಗ ಮೂರನೆಯದೊಂದು ಸೇರಿಕೊಂಡಿದೆ. ಮಕ್ಕಳನ್ನು ವಿಮಾನಚಾಲಕರನ್ನಾಗಿ ಮಾಡಿ ನೋಡು ಎಂಬುದು. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದೊಡನೆ ವಿಮಾನ ಶಿಕ್ಷಣಶಾಲೆಗಳ ಜಾಹೀರಾತುಗಳು ಎಲ್ಲೆಡೆಯೂ ಕಾಣಿಸಿಕೊಳ್ಳುತ್ತವೆ. ಗುಮಾಸ್ತರು, ಉಪಾಧ್ಯಾಯರು, ಸಣ್ಣ ಹಿಡುವಳಿದಾರರು ಮೊದಲಾದ ಸಾಧಾರಣ ಸ್ಥಿತಿಯವರೂ ಹೊಲವನ್ನು ಮಾರಿ, ಮನೆಯನ್ನು ಒತ್ತೆಯಿಟ್ಟು ಹಣ ಕಟ್ಟಲು ಮುಂದಾಗುತ್ತಾರೆ. ಈ ಆಸೆಯನ್ನು ನಾವು ಹಳಿಯುವವರಲ್ಲ. ಹಣ ಕಟ್ಟುವ ಮುನ್ನ ಲೆಕ್ಕ ನೋಡಿರೆಂದು ಎಚ್ಚರಿಸುವುದಷ್ಟೇ ನಮ್ಮ ಉದ್ದೇಶ.

ಆಸೆ ನಿರಾಧಾರವಾದುದೇನೂ ಅಲ್ಲ. 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ತಾತಾ ಅವರು ಭಾರತದಲ್ಲಿ ಮೊತ್ತಮೊದಲನೆಯ ಚಾಲನಾ ಪರವಾನಿಗೆಯನ್ನು ಪಡೆದಾಗ ವಿಮಾನ ಹಾರಿಸುವುದು ಸಿರಿವಂತರ ವಿನೋದವಾಗಿದ್ದಿತು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ಹೊಸ ವಿಮಾನಗಳನ್ನು ಕೊಳ್ಳುವುದಾಗಿ ಸಾರಿದುವು. ನಮ್ಮ ವಿಮಾನಚಾಲಕರಲ್ಲಿ ಸ್ತ್ರೀಯರ ಪ್ರಮಾಣವು ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚೆಂಬುದು ಅಭಿಮಾನಪಡತಕ್ಕ ಸಂಗತಿ. ವೃತ್ತಿ ಬೆಳೆಯುತ್ತಿದೆ, ಆದರೆ ಅದರ ಬಾಗಿಲಿನ ಸುಂಕವೂ ಕಡಮೆಯದಲ್ಲ.

ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ವಾಣಿಜ್ಯ ಚಾಲಕನ ಪರವಾನಿಗೆಗೆ ವಿಧಿಸಿರುವ ನಿಯಮಗಳು ಸ್ಪಷ್ಟವಾಗಿವೆ. ವಯಸ್ಸು 18 ತುಂಬಿರಬೇಕು. ಪ್ರಥಮ ವರ್ಗದ ವೈದ್ಯಕೀಯ ಅರ್ಹತಾಪತ್ರವಿರಬೇಕು. ವಾಯುಮಾರ್ಗಶೋಧನೆ, ಹವಾಮಾನ, ವಿಮಾನಯಾನದ ಕಾನೂನು, ಯಂತ್ರಜ್ಞಾನ ಇವುಗಳಲ್ಲಿ ಪರೀಕ್ಷೆಗಳನ್ನು ಗೆಲ್ಲಬೇಕು. ರೇಡಿಯೋ ಸಂಭಾಷಣೆಯ ಪರವಾನಿಗೆಯನ್ನು ಬೇರೆಯಾಗಿ ಪಡೆಯಬೇಕು. ಇವೆಲ್ಲದರ ಮೇಲೆ ಒಟ್ಟು 200 ಗಂಟೆಗಳ ಹಾರಾಟ ನಡೆಯಬೇಕು. ಅದರಲ್ಲಿ 100 ಗಂಟೆಗಳು ತಾನೇ ಹೊಣೆ ಹೊತ್ತು ನಡೆಸಿದುದಾಗಿರಬೇಕು. ವೆಚ್ಚದ ಬಹುಭಾಗವು ಅಡಗಿರುವುದು ಈ 200 ಗಂಟೆಗಳಲ್ಲಿಯೇ.

ದಾರಿಗಳು ಮೂರು. ಮೊದಲನೆಯದು ಸ್ವದೇಶದ ಶಾಲೆ. ಗಂಟೆಯೊಂದಕ್ಕೆ 15 ಸಾವಿರ ರೂಪಾಯಿಯೆಂದು ಹಿಡಿದರೂ 200 ಗಂಟೆಗೆ 30 ಲಕ್ಷವಾಯಿತು. ಎರಡು ಎಂಜಿನ್ನಿನ ವಿಮಾನದ ಅಭ್ಯಾಸ, ಪಾಠ, ಪರೀಕ್ಷಾ ಶುಲ್ಕ, ಊಟ ವಸತಿ ಸೇರಿದರೆ 45ರಿಂದ 60 ಲಕ್ಷಕ್ಕೆ ಮುಟ್ಟುತ್ತದೆ. ರಾಯಬರೇಲಿಯ ಬಳಿ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರಕಾರವು 1985ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ಶುಲ್ಕವು ಸುಮಾರು 45 ಲಕ್ಷ, ಪ್ರವೇಶವು ಸ್ಪರ್ಧಾಪರೀಕ್ಷೆಯಿಂದ. ಎರಡನೆಯದು ವಿದೇಶ. ಅಮೆರಿಕ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್‌ಗಳಲ್ಲಿ ಹಾರಾಟವು ಶೀಘ್ರವಾಗಿ ಮುಗಿಯುವುದುಂಟು. ಆದರೆ ಹಿಂದಿರುಗಿದ ಮೇಲೆ ಇಲ್ಲಿಯ ಪರೀಕ್ಷೆಗಳನ್ನೂ ಹಾರಾಟದ ಪರಿಶೀಲನೆಯನ್ನೂ ಮುಗಿಸದೆ ಪರವಾನಿಗೆ ದೊರೆಯದು. ಡಾಲರಿನ ಬೆಲೆ ಏರಿದರೆ ಹಾಕಿದ ಅಂದಾಜು ಮುರಿಯುತ್ತದೆ. ಮೂರನೆಯದು ವಿಮಾನ ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆ. ಇದಕ್ಕೆ ಕೋಟಿ ರೂಪಾಯಿಯೋ ಅದಕ್ಕೂ ಹೆಚ್ಚೋ ತಗಲುತ್ತದೆ. ಕೆಲಸದ ಭರವಸೆ ಇಲ್ಲಿ ಹೆಚ್ಚಾದರೂ ಅದು ಷರತ್ತಿಗೆ ಒಳಪಟ್ಟುದೆಂಬುದನ್ನು ಕರಾರಿನಲ್ಲಿ ಓದಿಕೊಳ್ಳಬೇಕು.

ಮೊದಲೆರಡು ದಾರಿಗಳಲ್ಲಿ ಪರವಾನಿಗೆ ಕೈಗೆ ಬಂದೊಡನೆ ವೆಚ್ಚ ತೀರಿತೆಂದು ಭಾವಿಸುವವರೇ ಬಹುಮಂದಿ. ದೊಡ್ಡ ವಿಮಾನದ ಆಸನದಲ್ಲಿ ಕುಳಿತುಕೊಳ್ಳಲು ಆಯಾ ಜಾತಿಯ ವಿಮಾನಕ್ಕೆಂದೇ ಬೇರೆ ಶಿಕ್ಷಣ ಬೇಕು. ಟೈಪ್ ರೇಟಿಂಗ್ ಎಂಬ ಇದಕ್ಕೆ ಮತ್ತೆ 15ರಿಂದ 20 ಲಕ್ಷ ಬೇಕಾಗುತ್ತದೆ. ಈ ಮೊಬಲಗನ್ನು ಮೊದಲೇ ತೆಗೆದಿರಿಸದವರು ದಡದ ಬಳಿಯೇ ಮುಳುಗುತ್ತಾರೆ.

ಇವೆಲ್ಲಕ್ಕಿಂತಲೂ ಹಿರಿದಾದ, ಯಾವ ಜಾಹೀರಾತಿನಲ್ಲಿಯೂ ಕಾಣಿಸದ ವೆಚ್ಚವು ಕಾಲದ್ದು. 50 ಲಕ್ಷದ ಸಾಲಕ್ಕೆ ನೂರಕ್ಕೆ 11ರ ಬಡ್ಡಿಯಾದರೆ ವರ್ಷಕ್ಕೆ ಬಡ್ಡಿಯೇ ಐದೂವರೆ ಲಕ್ಷ. ಹತ್ತು ವರ್ಷಗಳಲ್ಲಿ ತೀರಿಸಹೊರಟರೆ ತಿಂಗಳ ಕಂತು ಸುಮಾರು 69 ಸಾವಿರ. ಶಾಲೆಯಲ್ಲಿ ವಿಮಾನ ಕೆಟ್ಟುನಿಂತು, ಬೋಧಕನಿಲ್ಲದೆ, ಮಳೆಗಾಲ ಅಡ್ಡ ಬಂದು ಒಂದೂವರೆ ವರ್ಷದ ಶಿಕ್ಷಣವು ಮೂರು ವರ್ಷಕ್ಕೆ ಎಳೆದರೆ, ಶುಲ್ಕದಲ್ಲಿ ಉಳಿಸಿದ ಐದಾರು ಲಕ್ಷವು ಬಡ್ಡಿಯಲ್ಲಿ ಕೊಚ್ಚಿಹೋಗುತ್ತದೆ. ಕಡಮೆ ಶುಲ್ಕದ ಶಾಲೆಯೇ ಅಗ್ಗದ ಶಾಲೆಯೆಂದು ನಂಬಲಾಗದು.

ಆದುದರಿಂದ ಹಣ ಬಿಚ್ಚುವ ಕ್ರಮವೊಂದನ್ನು ನಾವು ಸೂಚಿಸುತ್ತೇವೆ. ಮೊದಲು ವೈದ್ಯಪರೀಕ್ಷೆ. ಪ್ರಥಮ ವರ್ಗದ ಪರೀಕ್ಷೆಯು ಬೆಂಗಳೂರಿನ ವಾಯುಪಡೆಯ ವೈದ್ಯಸಂಸ್ಥೆಯಲ್ಲಿಯೂ ನಡೆಯುತ್ತದೆ. ಕಣ್ಣು ಕಿವಿಗಳ ದೋಷವು ಅಲ್ಲಿ ಕಂಡುಬಂದರೆ ಹೋಗುವುದು ಸಾವಿರಗಳಷ್ಟೆ, ಲಕ್ಷಗಳಲ್ಲ. ಎರಡನೆಯದಾಗಿ, ಲಿಖಿತ ಪರೀಕ್ಷೆಗಳಲ್ಲಿ ಸಾಧ್ಯವಾದಷ್ಟನ್ನು ಹಾರಾಟಕ್ಕೆ ಮುಂಚೆಯೇ ಗೆಲ್ಲಲಿ. ಹುಡುಗನ ನಿಷ್ಠೆಯೂ ಅದರಿಂದಲೇ ತಿಳಿಯುತ್ತದೆ. ಮೂರನೆಯದಾಗಿ, ಶಾಲೆಗೆ ಖುದ್ದಾಗಿ ಹೋಗಿ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಹಿಂದಿನ ತಂಡದವರು ಎಷ್ಟು ತಿಂಗಳಲ್ಲಿ ಮುಗಿಸಿದರು ಎಂದು ವಿಚಾರಿಸಬೇಕು. ಉತ್ತರವನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಓದುತ್ತಿರುವ ಹುಡುಗರನ್ನು ಕೇಳುವುದು ಲೇಸು. ನಿರ್ದೇಶನಾಲಯವು 2025ರಿಂದ ಶಾಲೆಗಳಿಗೆ ದರ್ಜೆ ಕೊಡಲಾರಂಭಿಸಿದೆ. ಮೊದಲ ಪಟ್ಟಿಯಲ್ಲಿ ಮೇಲಿನ ದರ್ಜೆಗೆ ಒಂದು ಶಾಲೆಯೂ ಏರಲಿಲ್ಲವೆಂಬುದನ್ನು ತಂದೆತಾಯಂದಿರು ಗಮನಿಸತಕ್ಕದ್ದು. ನಾಲ್ಕನೆಯದಾಗಿ, ಹಣವನ್ನು ಒಮ್ಮೆಗೇ ಕಟ್ಟದೆ, ಹಾರಿದ ಗಂಟೆಗಳಿಗೆ ಅನುಸಾರವಾಗಿ ಕಂತುಗಳಲ್ಲಿ ಕಟ್ಟಬೇಕು. ಕಡೆಯದಾಗಿ, ಕೆಲಸ ದೊರೆಯದೆ ಕನಿಷ್ಠ ಒಂದು ವರ್ಷ ಕಳೆಯಬೇಕಾದೀತೆಂದು ತಿಳಿದು ಅದಕ್ಕೆ ಬೇಕಾದುದನ್ನು ಬದಿಗಿಡಬೇಕು.

ಈ ಕೊನೆಯ ಮಾತು ವೃಥಾ ಭೀತಿಯಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿಗಳು ಹಾರಾಟ ನಿಲ್ಲಿಸಿದುವು. ಅಂಥ ಕಾಲದಲ್ಲಿ ಸಾವಿರಾರು ಗಂಟೆ ಹಾರಿದ ಅನುಭವಿಗಳೂ ಕೆಲಸ ಹುಡುಕಹೊರಡುತ್ತಾರೆ. 200 ಗಂಟೆಯ ಹೊಸಬನು ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಶಿಕ್ಷಣದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುವುದರಿಂದ, ಆ ಕಾಯುವಿಕೆಯ ದಂಡವನ್ನು ತೆರುವುದು ಇಡೀ ಕುಟುಂಬದ ಸೂರು.

ಸರಕಾರಕ್ಕೂ ಎರಡು ಮಾತು. 1940ರಲ್ಲಿ ವಿಮಾನದ ಕಾರ್ಖಾನೆಗೆ ನೆಲೆ ಕೊಟ್ಟ ಬೆಂಗಳೂರು ನಮ್ಮದು. ಜಕ್ಕೂರಿನಲ್ಲಿ ಸರಕಾರದ್ದೇ ಆದ ವಿಮಾನ ಶಿಕ್ಷಣಶಾಲೆಯಿದೆ. ಅಲ್ಲಿ ಪಾಠವು ದೀರ್ಘಕಾಲ ನಿಂತುಹೋಗಿದ್ದ ಸಂದರ್ಭಗಳು ಜನವಿದಿತವೇ. ಬೆಳಗಾವಿ ಕಲಬುರಗಿಗಳ ನಿಲ್ದಾಣಗಳಲ್ಲಿ ಖಾಸಗಿ ಶಾಲೆಗಳಿಗೆ 2021ರಲ್ಲಿ ಅವಕಾಶ ದೊರೆಯಿತು. ಶಾಲೆಗಳು ಹೆಚ್ಚುವುದು ಸಂತೋಷವೇ ಸರಿ. ಆದರೆ ಪ್ರತಿಯೊಂದು ಶಾಲೆಯೂ ತನ್ನ ವಿದ್ಯಾರ್ಥಿಗಳು ಶಿಕ್ಷಣ ಮುಗಿಸಲು ತೆಗೆದುಕೊಂಡ ಕಾಲವನ್ನು ವರ್ಷಂಪ್ರತಿ ಪ್ರಕಟಿಸುವಂತೆ ಕಟ್ಟುಮಾಡುವುದೂ, ಯೋಗ್ಯರಾದ ಬಡ ವಿದ್ಯಾರ್ಥಿಗಳ ಸಾಲಕ್ಕೆ ಸರಕಾರವೇ ಜಾಮೀನು ನಿಲ್ಲುವುದೂ ಅಗತ್ಯವೆಂದು ನಮ್ಮ ಖಚಿತವಾದ ಅಭಿಪ್ರಾಯ. ಹಾಗಾಗದಿದ್ದರೆ ಮಾರಲು ಹೊಲವಿದ್ದವರ ಮಕ್ಕಳಿಗೆ ಮಾತ್ರ ಆಕಾಶ ಮೀಸಲಾಗುತ್ತದೆ. ಜಕ್ಕೂರಿನ ಶಾಲೆಯನ್ನು ನಾಡು ಹಣ ಹಾಕಿ ನಡೆಸಿಕೊಂಡು ಬಂದುದು ಅದಕ್ಕಾಗಿಯಲ್ಲ.