ಗೊಬ್ಬರ ಹಾಕಿದರೂ ಎಲೆ ಹಳದಿಯೇಕೆ?

ಕರಾವಳಿಯ ಗುಡ್ಡಗಳಲ್ಲಿ ಯಾರೂ ನೀರೆರೆಯದೆ, ಗೊಬ್ಬರ ಹಾಕದೆ ಕೆಂಪಗೆ ಅರಳುವ ಹೂವು ಕೇಪುಳ. ರಜೆಗೆ ಊರಿಗೆ ಹೋದವರು ಅದರದೊಂದು ಗಿಡವನ್ನು ಬೆಂಗಳೂರಿಗೆ ತಂದು, ಕುಂಡದಲ್ಲಿ ನೆಟ್ಟು, ದಿನವೂ ಕೊಳವೆ ಬಾವಿಯ ನೀರು ಹಾಕುತ್ತಾರೆ. ಕೆಲವು ತಿಂಗಳಲ್ಲಿ ಎಳೆಯ ಎಲೆಗಳು ಹಳದಿಗೆ ತಿರುಗುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಪಾಪ, ಗಿಡ ಹಸಿದಿದೆ ಎಂದು ಮನೆಯವರು ಇನ್ನೊಂದು ಹಿಡಿ ಗೊಬ್ಬರ ಸುರಿಯುತ್ತಾರೆ. ಗಿಡ ಮತ್ತಷ್ಟು ಸೊರಗುತ್ತದೆ.

ಗಿಡ ಹಸಿದಿರುವುದು ನಿಜ. ಆದರೆ ಎಲೆಯಲ್ಲಿ ಬಡಿಸಿದ ಊಟವೇ ಅದರ ಬಾಯಿಗೆ ಎಟುಕುತ್ತಿಲ್ಲ. ಇದರ ಗುಟ್ಟು ನೀರಿನ ರಸಸಾರದಲ್ಲಿದೆ.

ರಸಾಯನಶಾಸ್ತ್ರದ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ‘ಪಿಎಚ್’ ಎಂದರೆ ಇದೇ. 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್‌ಸೆನ್ ಈ ಅಳತೆಯನ್ನು ರೂಪಿಸಿದರು. 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕಿಯ ಅಂತರವೆಂದರೆ ಹತ್ತು ಪಟ್ಟು ವ್ಯತ್ಯಾಸ! ಹೆಚ್ಚಿನ ಗಿಡಗಳಿಗೆ 6ರಿಂದ 7 ಹಿತ. ರಸಸಾರ ಮೇಲೇರಿದಂತೆ ಮಣ್ಣಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗುವುದು ಕಡಿಮೆಯಾಗುತ್ತದೆ. ಕರಗದ್ದನ್ನು ಬೇರು ಹೀರಲಾರದು. ಕಬ್ಬಿಣವಿಲ್ಲದೆ ಎಲೆಯಲ್ಲಿ ಪತ್ರಹರಿತ್ತು ತಯಾರಾಗದು.

ಕರಾವಳಿಯಲ್ಲಿ ಬಿರುಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಅಲ್ಲಿನ ಮಣ್ಣು ಆಮ್ಲೀಯ. ಕೇಪುಳಕ್ಕೆ ಅದೇ ಇಷ್ಟ. ಗಡಸಾದ ಕೊಳವೆ ಬಾವಿ ನೀರಿನಲ್ಲಾದರೋ ಬಂಡೆಗಳಿಂದ ಕರಗಿ ಬಂದ ಬೈಕಾರ್ಬೊನೇಟ್ ಲವಣಗಳಿರುತ್ತವೆ. ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿಯ ಪೊರೆ ಅವುಗಳದೇ ಕುರುಹು. ಪ್ರತಿ ಚೊಂಬು ನೀರಿನೊಂದಿಗೆ ಕುಂಡದ ಮಣ್ಣು ಸ್ವಲ್ಪಸ್ವಲ್ಪವೇ ಕ್ಷಾರದತ್ತ ಸರಿಯುತ್ತದೆ.

ದಾಸವಾಳದ ಪರೀಕ್ಷೆ

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಅದಕ್ಕೆ ನಿಂಬೆರಸ ಹಿಂಡಿದರೆ ಗಾಢ ಗುಲಾಬಿ ಬಣ್ಣ, ಅಡುಗೆ ಸೋಡಾ ಬೆರೆಸಿದರೆ ಹಸಿರು ಛಾಯೆ ಬರುತ್ತದೆ. ಇದು ಆಮ್ಲ, ಕ್ಷಾರಗಳ ದಿಕ್ಕು ತೋರಿಸುತ್ತದೆ, ಅಷ್ಟೆ. ಅಂಕಿ ತಿಳಿಯಬೇಕಾದರೆ ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ ಪಿಎಚ್ ಕಾಗದ ತರಬೇಕು. ಗೊಬ್ಬರವೂ ನೀರಿನ ರಸಸಾರವನ್ನು ಬದಲಿಸುತ್ತದೆ. ಆದ್ದರಿಂದ ದ್ರವ ಗೊಬ್ಬರ ಕೊಡುವಾಗ ಮೊದಲು ಗೊಬ್ಬರ ಕರಗಿಸಿ, ಆಮೇಲೆ ಅಳೆಯಿರಿ.

ರಸಸಾರ ಹೆಚ್ಚಿದ್ದರೆ ಬಕೆಟ್ಟಿಗೆ ಸ್ವಲ್ಪಸ್ವಲ್ಪವೇ ನಿಂಬೆರಸ ಸೇರಿಸಿ ಕಲಕಿ, 6ರಿಂದ 6.5ಕ್ಕೆ ಬಂದಾಗ ನಿಲ್ಲಿಸಿ. ಇದು ತಾತ್ಕಾಲಿಕ ಉಪಾಯ. ನಿಜವಾದ ಮದ್ದು ಮಳೆನೀರು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರಿನ ರಸಸಾರ ಸುಮಾರು 5.6, ಸುಣ್ಣದ ಅಂಶವಂತೂ ಇಲ್ಲವೇ ಇಲ್ಲವೆನ್ನಬಹುದು. ತಾರಸಿಯ ಮೊದಲ ಕೊಳೆನೀರನ್ನು ಹೊರಬಿಟ್ಟು, ನಂತರದ್ದನ್ನು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡಿ. ಒಲೆಯ ಬೂದಿ, ಮೊಟ್ಟೆಯ ಚಿಪ್ಪುಗಳನ್ನು ಇಂಥ ಗಿಡಗಳಿಗೆ ಹಾಕಬೇಡಿ. ಎರಡೂ ರಸಸಾರವನ್ನು ಏರಿಸುವಂಥವೇ.

ಹಳದಿಯಾದ ಹಳೆಯ ಎಲೆಗಳು ಮತ್ತೆ ಹಸಿರಾಗದಿದ್ದರೆ ನಿರಾಶರಾಗಬೇಡಿ. ಹೊಸ ಚಿಗುರನ್ನು ಗಮನಿಸಿ. ಅಪ್ಪ, ಅಮ್ಮ ಗೊಬ್ಬರದ ಚೀಲಕ್ಕೆ ಕೈಹಾಕುವ ಮುನ್ನ ಮಕ್ಕಳು ನೀರನ್ನು ಅಳೆಯಲಿ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಅಂಕಿ ಒಂದು ಗಿಡದ ಜೀವ ಉಳಿಸಿದರೆ, ಆ ಪಾಠ ಮತ್ತೆ ಮರೆಯುವುದಿಲ್ಲ.