ಹಿಟ್ಟಿನ ಡಬ್ಬಿಯ ಕೆಂಪು ಹುಳ

ಮಳೆಗಾಲದಲ್ಲಿ ಗೋದಿ ಹಿಟ್ಟಿನ ಡಬ್ಬಿ ತೆರೆದರೆ ಕೆಂಗಂದು ಬಣ್ಣದ ಸಣ್ಣ ಹುಳಗಳು ಸರಸರನೆ ಹಿಟ್ಟಿನೊಳಗೆ ಮಾಯವಾಗುವುದನ್ನು ಹಾವೇರಿ ಕಡೆಯ ತಾಯಂದಿರೆಲ್ಲ ನೋಡಿರುತ್ತಾರೆ. ಬೆಳಕು ಕಂಡರೆ ಅವಿತುಕೊಳ್ಳುವ ಕತ್ತಲೆ ದುಂಬಿಗಳ ದೊಡ್ಡ ಕುಟುಂಬಕ್ಕೆ ಸೇರಿದ ಹುಳವಿದು. ಶಾಸ್ತ್ರೀಯ ಹೆಸರು ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಉದ್ದ 3–4 ಮಿಲಿಮೀಟರ್.

ಹಿಟ್ಟು ಹಳೆಯದಾದರೆ ಹುಳ ತಾನಾಗಿ ಹುಟ್ಟುತ್ತದೆ ಎಂಬ ಮಾತು ಸರಿಯಲ್ಲ. ಗಿರಣಿಯ ಸಂದಿ, ಹಳೆಯ ಚೀಲದ ಹೊಲಿಗೆ, ತೊಳೆಯದ ಡಬ್ಬಿಯ ತಳದಿಂದ ಅದು ಬರುತ್ತದೆ. ಗಟ್ಟಿ ಕಾಳನ್ನು ಕೊರೆಯುವ ಶಕ್ತಿ ಇದಕ್ಕಿಲ್ಲ. ರಾಣೆಬೆನ್ನೂರಿನ ಗೋವಿನಜೋಳದ ಚೀಲದಲ್ಲಿ ಸೊಂಡಿಲಿನ ಹುಳ ಮೊದಲು ಕಾಳು ಕೊರೆಯುತ್ತದೆ, ಉದುರಿದ ಪುಡಿಗೆ ಇದು ಹಿಂದಿನಿಂದ ಬರುತ್ತದೆ. ಬ್ಯಾಡಗಿಯ ಖಾರದ ಪುಡಿಯನ್ನೂ ಬಿಡುವುದಿಲ್ಲ! ಒಂದು ಹೆಣ್ಣು 300ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಸೆಕೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಮೊಟ್ಟೆ ದುಂಬಿಯಾಗುತ್ತದೆ. ಅಂಟುವ ಮೊಟ್ಟೆಗೆ ಹಿಟ್ಟು ಮೆತ್ತಿಕೊಳ್ಳುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಪ್ರವಾದಿಯವರ(ಸ) ಮುಂದೆ ಹಳೆಯ ಖರ್ಜೂರ ತಂದಿಟ್ಟಾಗ ಅವರು ಅದನ್ನು ಪರೀಕ್ಷಿಸಿ ಹುಳ ತೆಗೆದುಹಾಕಿದರೆಂದು ಅನಸ್(ರ)ರಿಂದ ಅಬೂದಾವೂದ್‌ನಲ್ಲಿ ವರದಿಯಾಗಿದೆ. ಹಾಗಾಗಿ ನಾಲ್ಕು ಹುಳ ಕಂಡೊಡನೆ ಡಬ್ಬಿಯನ್ನೇ ತಿಪ್ಪೆಗೆ ಸುರಿಯಬೇಕಿಲ್ಲ. ಜರಡಿ ಹಿಡಿದು ಬೇಗ ಬಳಸಿ. ಆದರೆ ಹಿಟ್ಟು ಕೆಂಪಗಾಗಿ ಘಾಟು ವಾಸನೆ ಬಂದರೆ ತಿನ್ನಬೇಡಿ. ಅದು ದುಂಬಿ ಹೊರಬಿಡುವ ಕ್ವಿನೋನ್ ಎಂಬ ರಾಸಾಯನಿಕದ ವಾಸನೆ. ಅಂಥದ್ದನ್ನು ಸದಕಾ ಎಂದು ಬಡವರ ಮನೆಗೆ ಕಳಿಸುವುದಂತೂ ಬೇಡವೇ ಬೇಡ. ನಾವೇ ಮನಸ್ಸಿಟ್ಟು ಸ್ವೀಕರಿಸದ ಕಳಪೆ ವಸ್ತುವನ್ನು ದಾನಕ್ಕೆ ಆರಿಸುವುದನ್ನು ಅಲ್‌ಬಕರದ 267ನೇ ಸೂಕ್ತ ತಡೆದಿದೆ.

ಜೋಳ, ಗೋದಿಯನ್ನು ಚೆನ್ನಾಗಿ ಒಣಗಿಸಿ ಕಾಳಾಗಿಯೇ ಇಟ್ಟು, ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸಿ. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯಬೇಡಿ.

ಹುಳಕ್ಕಿಂತ ಅಪಾಯಕಾರಿ ಅದಕ್ಕೆಂದು ಇಡುವ ಗುಳಿಗೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದರೆ ಫಾಸ್ಫಿನ್ ಅನಿಲ ಬಿಡುತ್ತದೆ. ಅದು ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸುವ ವಸ್ತು. ಕಾಳಿನ ಚೀಲದಲ್ಲಿ ಅದನ್ನಿಟ್ಟು ಅದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಿದರೆ ಬೆಳಗಾಗುವುದರೊಳಗೆ ಜೀವವೇ ಹೋಗಬಹುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ, ವಾಂತಿ, ಉಸಿರುಗಟ್ಟುವಿಕೆ ಕಂಡರೆ ಎಲ್ಲರೂ ಕೂಡಲೇ ಹೊರಗೆ ಬಂದು ಆಸ್ಪತ್ರೆಗೆ ಹೋಗಬೇಕು. ಕಾಳಿಗೆ ಗುಳಿಗೆ ಇಟ್ಟಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.