ನಾಯಿಯ ಒಣ ಆಹಾರ: ಸಮತೋಲನದ ಲೆಕ್ಕ ಮತ್ತು ತಯಾರಿಕೆಯ ವಿಧಾನ

ಮನುಷ್ಯನು ಸಾಕಿದ ಪ್ರಾಣಿಗಳಲ್ಲಿ ನಾಯಿಯೇ ಅತ್ಯಂತ ಹಳೆಯ ಸಂಗಾತಿ. ನಮ್ಮ ಹಳ್ಳಿಗಳಲ್ಲಿ ಮನೆಯವರು ಉಂಡು ಮಿಕ್ಕ ಮುದ್ದೆ, ರೊಟ್ಟಿ, ಅನ್ನ, ಮಜ್ಜಿಗೆಗಳೇ ಬಹುಕಾಲದವರೆಗೆ ಅದರ ಆಹಾರವಾಗಿದ್ದವು. ಹೊಲಗದ್ದೆಗಳಲ್ಲಿ ಅಲೆಯುತ್ತಿದ್ದ ನಾಯಿಯು ತನಗೆ ಬೇಕಾದ ಉಳಿದ ಅಂಶಗಳನ್ನು ಅಲ್ಲಿ ಇಲ್ಲಿ ಹುಡುಕಿ ತಿನ್ನುತ್ತಿತ್ತು. ನಗರಗಳಲ್ಲಿ ಈ ಪರಿಸ್ಥಿತಿ ಬದಲಾಗಿದೆ. ಬೆಂಗಳೂರಿನ ಜಯನಗರವಿರಲಿ, ವಿಶಾಖಪಟ್ಟಣದ ಎಂವಿಪಿ ಕಾಲೊನಿಯಿರಲಿ, ಮನೆಯೊಳಗೆ ಬೆಳೆಯುವ ನಾಯಿಗೆ ಬಟ್ಟಲಿಗೆ ಹಾಕಿದ್ದೇ ಸರ್ವಸ್ವ. ಒಂದೇ ಬಗೆಯ ಆಹಾರವನ್ನು ತಿಂಗಳುಗಟ್ಟಲೆ ತಿನ್ನುವ ಪ್ರಾಣಿಯಲ್ಲಿ, ಆ ಆಹಾರದ ಸಣ್ಣ ಕೊರತೆಯೂ ದಿನದಿನಕ್ಕೆ ಕೂಡುತ್ತ ಹೋಗಿ ರೋಗವಾಗಿ ಪರಿಣಮಿಸುತ್ತದೆ. ಆದುದರಿಂದ ನಾಯಿಯ ಒಣ ಆಹಾರದ ತಯಾರಿಕೆಯಲ್ಲಿ ರುಚಿಗಿಂತ ಮೊದಲು ಲೆಕ್ಕಕ್ಕೆ ಸ್ಥಾನವಿದೆ.

ಪೋಷಕಾಂಶಗಳ ಅಗತ್ಯ

ನಾಯಿಯು ಮಾಂಸಾಹಾರಿ ವರ್ಗಕ್ಕೆ ಸೇರಿದ್ದರೂ ಸಾವಿರಾರು ವರ್ಷಗಳ ಕಾಲ ಮನುಷ್ಯನೊಡನೆ ಬಾಳಿದ ಫಲವಾಗಿ ಧಾನ್ಯದ ಪಿಷ್ಟವನ್ನು ತೋಳಕ್ಕಿಂತ ಚೆನ್ನಾಗಿ ಜೀರ್ಣಿಸಿಕೊಳ್ಳಬಲ್ಲದು. ಹಾಗೆಂದು ಧಾನ್ಯವೊಂದೇ ಅದಕ್ಕೆ ಸಾಲದು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ನಿಗದಿಪಡಿಸಿರುವಂತೆ, ತೇವಾಂಶವನ್ನು ಕಳೆದ ಆಹಾರದಲ್ಲಿ ವಯಸ್ಕ ನಾಯಿಗೆ ಶೇಕಡಾ 18ರಷ್ಟು, ಬೆಳೆಯುವ ಮರಿಗೆ ಶೇಕಡಾ 22.5ರಷ್ಟು ಸಸಾರಜನಕ ಕನಿಷ್ಠ ಪಕ್ಷ ಇರಬೇಕು. ಕೊಬ್ಬಿನ ಕನಿಷ್ಠ ಪ್ರಮಾಣಗಳು ಕ್ರಮವಾಗಿ ಶೇಕಡಾ 5.5 ಮತ್ತು 8.5.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸುಣ್ಣಾಂಶ ಹಾಗೂ ರಂಜಕಗಳ ವಿಷಯದಲ್ಲಿ. ಸುಣ್ಣಾಂಶವು ರಂಜಕಕ್ಕಿಂತ ಕಡಿಮೆಯಾಗಬಾರದು. ಅದರ ಎರಡರಷ್ಟನ್ನು ಮೀರಲೂಬಾರದು. ಎಲುಬಿಲ್ಲದ ಮಾಂಸದಲ್ಲಾದರೋ ರಂಜಕವು ಸುಣ್ಣಾಂಶದ ಹದಿನೈದು ಪಟ್ಟಿಗೂ ಹೆಚ್ಚಾಗಿರುತ್ತದೆ. ಬರೀ ಮಾಂಸ ತಿಂದು ಬೆಳೆದ ಮರಿಯ ದೇಹವು ರಕ್ತದ ಸುಣ್ಣಾಂಶವನ್ನು ಕಾಯ್ದುಕೊಳ್ಳಲು ತನ್ನ ಮೂಳೆಗಳಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ; ಕಾಲುಗಳು ಬಾಗುತ್ತವೆ, ಮೂಳೆ ಸುಲಭವಾಗಿ ಮುರಿಯುತ್ತದೆ. ಅನ್ನ, ಮೊಸರುಗಳ ಆಹಾರದಲ್ಲಿ ಸಸಾರಜನಕವೂ ಅನೇಕ ಖನಿಜಗಳೂ ಸಾಲುವುದಿಲ್ಲ. ಧಾನ್ಯಗಳಲ್ಲಿ ಸುಣ್ಣಾಂಶಕ್ಕೆ ಹೆಸರಾದ ರಾಗಿಯಲ್ಲಿ ಕೂಡ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೆ, ಮರಿಯ ಆಹಾರದಲ್ಲಿ ಇರಬೇಕಾದುದು 1,200 ಮಿಲಿಗ್ರಾಂ. ಇತ್ತ ದೊಡ್ಡ ತಳಿಯ ಮರಿಗಳಿಗೆ ಸುಣ್ಣದ ಮಾತ್ರೆಗಳನ್ನು ಮಿತಿಮೀರಿ ಕೊಡುವುದರಿಂದಲೂ ಮೂಳೆಗಳ ಬೆಳವಣಿಗೆ ಕೆಡುತ್ತದೆ.

ಸೂತ್ರದ ರಚನೆ

ಯಾವ ಒಂದು ಪದಾರ್ಥದಲ್ಲಿಯೂ ಎಲ್ಲ ಅಂಶಗಳೂ ಸರಿಯಾದ ಪ್ರಮಾಣದಲ್ಲಿ ದೊರೆಯುವುದಿಲ್ಲ. ಒಂದರ ಕೊರತೆಯನ್ನು ಮತ್ತೊಂದರಿಂದ ತುಂಬುವುದೇ ಸೂತ್ರರಚನೆಯ ಉದ್ದೇಶ. ಉದಾಹರಣೆಗೆ 100 ಕಿಲೋಗ್ರಾಂ ಮಿಶ್ರಣದಲ್ಲಿ 48 ಕಿಲೋ ಮೆಕ್ಕೆಜೋಳ ಹಾಗೂ ನುಚ್ಚಕ್ಕಿ, 20 ಕಿಲೋ ಕೋಳಿಮಾಂಸದ ಒಣಪುಡಿ, 12 ಕಿಲೋ ಎಣ್ಣೆ ತೆಗೆದ ಸೋಯಾ ಹಿಂಡಿ, 5 ಕಿಲೋ ಮೀನಿನ ಪುಡಿ, 5 ಕಿಲೋ ಅಕ್ಕಿ ತೌಡು, 7 ಕಿಲೋ ಕೋಳಿಯ ಕೊಬ್ಬು, 3 ಕಿಲೋ ಖನಿಜ ಮತ್ತು ಜೀವಸತ್ವಗಳ ಮಿಶ್ರಣ ಇವೆಯೆನ್ನೋಣ. ಇದರಿಂದ ಸುಮಾರು ಶೇಕಡಾ 24ರಷ್ಟು ಸಸಾರಜನಕವೂ ಶೇಕಡಾ 12ರಷ್ಟು ಕೊಬ್ಬೂ ಒದಗುತ್ತವೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಸೋಯಾ ಮತ್ತು ಮೀನು ಪೂರೈಸುತ್ತವೆ. ಎಲುಬು ಸಹಿತವಾಗಿ ಬೇಯಿಸಿ ಪುಡಿಮಾಡಿದ ಮಾಂಸದಿಂದ ಸುಣ್ಣಾಂಶ ದೊರೆಯುತ್ತದೆ. ಇದು ಲೆಕ್ಕದ ಕ್ರಮವನ್ನು ತಿಳಿಸುವ ನಿದರ್ಶನವೇ ಹೊರತು ಮನೆಯಲ್ಲಿ ತಯಾರಿಸುವ ಪಾಕವಲ್ಲ. ಪ್ರತಿ ಸರಕಿನ ಗುಣವೂ ಬೇರೆಬೇರೆಯಾಗಿರುವುದರಿಂದ ಕಾರ್ಖಾನೆಗಳಲ್ಲಿ ಪರೀಕ್ಷೆಯ ಫಲಿತಾಂಶಗಳನ್ನು ಗಣಕಯಂತ್ರಕ್ಕೆ ನೀಡಿ ಸೂತ್ರವನ್ನು ಆಗಾಗ ತಿದ್ದಲಾಗುತ್ತದೆ.

ತಯಾರಿಕೆಯ ಹಂತಗಳು

ಕಾರ್ಖಾನೆಯಲ್ಲಿ ತಯಾರಾದ ನಾಯಿ ಬಿಸ್ಕತ್ತು 1860ರ ದಶಕದಲ್ಲಿ ಲಂಡನ್ನಿನ ಮಾರುಕಟ್ಟೆಗೆ ಬಂದಿತು. ಇಂದು ಎಲ್ಲೆಡೆ ಕಾಣುವ ಹಗುರವಾದ ಗುಳಿಗೆಗಳು 1957ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದವು. ಎಕ್ಸ್‌ಟ್ರೂಡರ್ ಎಂಬ ಯಂತ್ರದಿಂದ ಇದು ಸಾಧ್ಯವಾಯಿತು.

ಮೊದಲಿಗೆ ಒಣ ಪದಾರ್ಥಗಳನ್ನು ನುಣ್ಣಗೆ ಬೀಸಿ ಸಮನಾಗಿ ಬೆರೆಸಲಾಗುತ್ತದೆ. ಬಳಿಕ ಈ ಹಿಟ್ಟಿಗೆ ಹಬೆ ಮತ್ತು ನೀರನ್ನು ಹಾಯಿಸಿ ಮೆತ್ತಗಾಗಿಸುತ್ತಾರೆ. ಅಲ್ಲಿಂದ ಅದು ಎಕ್ಸ್‌ಟ್ರೂಡರಿನ ಉಕ್ಕಿನ ಕೊಳವೆಯನ್ನು ಸೇರುತ್ತದೆ. ಕೊಳವೆಯೊಳಗೆ ತಿರುಗುವ ಸುರುಳಿಯು ಹಿಟ್ಟನ್ನು ಒತ್ತಿ, ನಾದಿ, ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ 110ರಿಂದ 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಲ್ಪಕಾಲದಲ್ಲಿಯೇ ಪಿಷ್ಟ ಬೇಯುತ್ತದೆ, ರೋಗಾಣುಗಳು ನಾಶವಾಗುತ್ತವೆ, ಸೋಯಾದಲ್ಲಿರುವ ಜೀರ್ಣನಿರೋಧಕ ಅಂಶಗಳು ಕುಂದುತ್ತವೆ. ಒತ್ತಡದಿಂದಾಗಿ ಒಳಗಿನ ನೀರು ಕುದಿದು ಹಾರಿಹೋಗಲಾರದು. ಅಚ್ಚಿನ ರಂಧ್ರದಿಂದ ಹಿಟ್ಟು ಹೊರಬಂದೊಡನೆ ಒತ್ತಡ ಇಳಿದು ನೀರು ಒಮ್ಮೆಲೇ ಹಬೆಯಾಗುತ್ತದೆ. ಪುರಿ ಅರಳುವಂತೆ ಗುಳಿಗೆ ಉಬ್ಬುತ್ತದೆ. ರಂಧ್ರದ ಬಾಯಲ್ಲಿ ತಿರುಗುವ ಅಲಗು ಅದನ್ನು ಒಂದೇ ಅಳತೆಗೆ ಕತ್ತರಿಸುತ್ತದೆ.

ಬಿಸಿಗಾಳಿಯಲ್ಲಿ ಒಣಗಿಸಿ ತೇವಾಂಶವನ್ನು ಶೇಕಡಾ 10 ಅಥವಾ ಅದಕ್ಕಿಂತ ಕೆಳಗೆ ಇಳಿಸಿದ ನಂತರ ಗುಳಿಗೆಗಳ ಮೇಲೆ ಕರಗಿಸಿದ ಕೊಬ್ಬನ್ನೂ ರುಚಿ ಕೊಡುವ ಯಕೃತ್ತಿನ ಸಾರವನ್ನೂ ಸಿಂಪಡಿಸಲಾಗುತ್ತದೆ. ಕೊಬ್ಬನ್ನೆಲ್ಲ ಮೊದಲೇ ಬೆರೆಸಿದರೆ ಹಿಟ್ಟು ಕೊಳವೆಯೊಳಗೆ ಜಾರಿ ಸರಿಯಾಗಿ ಉಬ್ಬುವುದಿಲ್ಲ. ಆದುದರಿಂದಲೇ ಈ ಕ್ರಮ. ಉಷ್ಣತೆಯಿಂದ ಜೀವಸತ್ವ 'ಎ', ಥಯಾಮಿನ್ ಮುಂತಾದವು ಸ್ವಲ್ಪಮಟ್ಟಿಗೆ ನಷ್ಟವಾಗುವುದರಿಂದ ಸೂತ್ರದಲ್ಲಿ ಅವುಗಳನ್ನು ಮುಂಚಿತವಾಗಿಯೇ ಹೆಚ್ಚಾಗಿ ಸೇರಿಸಿರುತ್ತಾರೆ. ಕೊನೆಗೆ ಗುಳಿಗೆಗಳನ್ನು ಆರಿಸಿ, ಗಾಳಿಯಾಡದ ಚೀಲಗಳಲ್ಲಿ ತುಂಬಲಾಗುತ್ತದೆ.

ಗುಣಮಟ್ಟದ ಪರೀಕ್ಷೆ

ಚೀಲದ ಮೇಲೆ ಕಾಣುವ ಸಸಾರಜನಕದ ಪ್ರಮಾಣವನ್ನು ನೇರವಾಗಿ ಅಳೆಯುವುದಿಲ್ಲ. ಆಹಾರದಲ್ಲಿನ ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು ರೂಢಿ. ಈ ವಿಧಾನದ ದೌರ್ಬಲ್ಯವು 2007ರಲ್ಲಿ ಜಗತ್ತಿಗೆ ತಿಳಿಯಿತು. ಚೀನಾದಿಂದ ಅಮೆರಿಕಕ್ಕೆ ಬಂದ ಗೋಧಿಯ ಅಂಟಿನಲ್ಲಿ, ಸಾರಜನಕ ಹೇರಳವಾಗಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಕಲಬೆರಕೆ ಮಾಡಲಾಗಿತ್ತು. ಪರೀಕ್ಷೆಯಲ್ಲಿ ಸಸಾರಜನಕ ಹೆಚ್ಚಾಗಿ ಕಂಡಿತು. ಅದನ್ನು ತಿಂದ ಅನೇಕ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಮೆಕ್ಕೆಜೋಳದ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಇನ್ನೊಂದು ಅಪಾಯ. ಯಂತ್ರದ ಶಾಖದಿಂದ ಈ ವಿಷವು ಪೂರ್ಣವಾಗಿ ನಾಶವಾಗುವುದಿಲ್ಲ. ಅದು ಯಕೃತ್ತನ್ನು ಕೆಡಿಸುತ್ತದೆ. ಕಚ್ಚಾ ಸರಕನ್ನು ಕಾರ್ಖಾನೆಯ ಬಾಗಿಲಲ್ಲಿಯೇ ಪರೀಕ್ಷಿಸುವುದೊಂದೇ ಇದಕ್ಕೆ ಪರಿಹಾರ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ ಸಾಕುಪ್ರಾಣಿಗಳ ಆಹಾರಕ್ಕಾಗಿ ಐಎಸ್ 11968 ಎಂಬ ಮಾನಕವನ್ನು ರೂಪಿಸಿದೆ.

ಎಷ್ಟು ಕೊಡಬೇಕು?

ಮೇಲಿನ ಸೂತ್ರದ ಆಹಾರದಲ್ಲಿ 24 ಗ್ರಾಂ ಸಸಾರಜನಕ, 12 ಗ್ರಾಂ ಕೊಬ್ಬು ಹಾಗೂ ಸುಮಾರು 42 ಗ್ರಾಂ ಪಿಷ್ಟ ಇವೆಯೆಂದಿಟ್ಟುಕೊಂಡರೆ, 100 ಗ್ರಾಂನಿಂದ ಸುಮಾರು 333 ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯ ತಳಿಯಾದ ಮುಧೋಳ ನಾಯಿಯನ್ನು ಉದಾಹರಣೆಯಾಗಿ ನೋಡಬಹುದು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿಯ ಸಂರಕ್ಷಣೆಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 20 ಕಿಲೋ ತೂಕದ ಇಂತಹ ಆರೋಗ್ಯವಂತ ನಾಯಿಗೆ ದಿನಕ್ಕೆ ಸುಮಾರು 1,000 ಕಿಲೋಕ್ಯಾಲೊರಿ, ಎಂದರೆ 300 ಗ್ರಾಂ ಆಹಾರ ಸಾಕು. ಹೆಚ್ಚು ಓಡುವ ನಾಯಿಗೆ ಇದಕ್ಕಿಂತ ಹೆಚ್ಚು, ಮನೆಯಲ್ಲಿಯೇ ಮಲಗಿರುವ ನಾಯಿಗೆ ಕಡಿಮೆ ಬೇಕು. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಕೈಗೆ ಸುಲಭವಾಗಿ ಸಿಕ್ಕುವಂತಿದ್ದರೆ ಪ್ರಮಾಣ ಸರಿಯಾಗಿದೆಯೆಂದು ತಿಳಿಯಬಹುದು. ಸಹಜವಾಗಿಯೇ ಸಪೂರವಾದ ಮುಧೋಳದಂತಹ ಬೇಟೆಯ ತಳಿಗಳಲ್ಲಿ ಕೆಲವು ಪಕ್ಕೆಲುಬುಗಳು ಕಂಡರೂ ಚಿಂತಿಸಬೇಕಾಗಿಲ್ಲ.

ಸಂಗ್ರಹಣೆ ಮತ್ತು ಬಳಕೆ

ಒಣ ಆಹಾರ ಕೆಡದಿರಲು ಕಾರಣ ಅದರಲ್ಲಿ ನೀರು ಕಡಿಮೆಯಿರುವುದು. ಎಂವಿಪಿ ಕಾಲೊನಿಯಂತೆ ಕಡಲಿಗೆ ಸಮೀಪವಿರುವ ಬಡಾವಣೆಗಳಲ್ಲಿ, ಹಾಗೆಯೇ ಮಂಗಳೂರು, ಕಾರವಾರ, ಕಾಸರಗೋಡುಗಳಲ್ಲಿ ಗಾಳಿಯ ತೇವವನ್ನು ಹೀರಿ ಗುಳಿಗೆ ಬೇಗ ಮೆತ್ತಗಾಗುತ್ತದೆ. ಬೂಷ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ನಾಲ್ಕಾರು ವಾರಗಳಲ್ಲಿ ಮುಗಿಯುವಷ್ಟು ಚೀಲವನ್ನು ಮಾತ್ರ ಕೊಳ್ಳಬೇಕು. ಬಿಡಿಯಾಗಿ ತೂಗಿ ಮಾರುವ ಆಹಾರವನ್ನು ಕೊಳ್ಳದಿರುವುದು ಒಳ್ಳೆಯದು.

2. ಆಹಾರವನ್ನು ಮೂಲ ಚೀಲದಲ್ಲಿಯೇ ಬಾಯಿ ಬಿಗಿದು, ಮುಚ್ಚಳವಿರುವ ಡಬ್ಬದೊಳಗೆ ಇಡಬೇಕು.

3. ಚೀಲದ ಮೇಲೆ ಅದು ಮರಿಗೋ ವಯಸ್ಕ ನಾಯಿಗೋ, 'ಸಂಪೂರ್ಣ ಮತ್ತು ಸಮತೋಲಿತ' ಎಂದಿದೆಯೋ, ತಯಾರಾದ ದಿನಾಂಕ ಯಾವುದು ಎಂಬುದನ್ನು ನೋಡಬೇಕು.

4. ಹೊಸ ಆಹಾರವನ್ನು ಏಳು ದಿನಗಳ ಅವಧಿಯಲ್ಲಿ ಹಳೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸಿ ರೂಢಿಸಬೇಕು. ಕುಡಿಯುವ ನೀರು ಸದಾ ಬಳಿಯಲ್ಲಿರಬೇಕು.

5. ಕಮಟು ವಾಸನೆ ಅಥವಾ ಬೂಷ್ಟು ಕಂಡರೆ ಆಹಾರವನ್ನು ಎಸೆಯಬೇಕು. ಬಿಸಿಲಿಗೆ ಒಣಗಿಸಿ ಬಳಸಬಾರದು.

ಎಲ್ಲರೂ ಕಾರ್ಖಾನೆಯ ಆಹಾರವನ್ನೇ ಕೊಳ್ಳಬೇಕೆಂದಿಲ್ಲ. ಮನೆಯ ಅಡುಗೆಯನ್ನೇ ಕೊಡಲಿಚ್ಛಿಸುವವರು ಮಾಂಸ, ಮೊಟ್ಟೆ, ಧಾನ್ಯ, ಖನಿಜಗಳ ಪ್ರಮಾಣವನ್ನು ಹತ್ತಿರದ ಪಶುವೈದ್ಯರಿಂದ ಗೊತ್ತುಮಾಡಿಸಿಕೊಳ್ಳಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟುಗಳನ್ನು ಮಾತ್ರ ದೂರವಿಡಬೇಕು. ಚೀಲದ ಗುಳಿಗೆಯಾಗಲಿ, ಮನೆಯ ಮುದ್ದೆಯಾಗಲಿ, ಬೆಳೆಯುವ ಮರಿಯ ಮೂಳೆಗಳು ನಿಲ್ಲುವುದು ಅದರಲ್ಲಿರುವ ಸಮತೋಲನದ ಮೇಲೆ.